ಅರ್ಮೇನಿಯಾ ದೂರ, ಗಂಜಾಂ ಹತ್ತಿರ



ಇವತ್ತು ಏಪ್ರಿಲ್ 24.  ಜಗತ್ತಿನ ಯಾವ ಮೂಲೆಯಲ್ಲಿ ಅರ್ಮೇನಿಯನ್ನರಿದ್ದರೂ ಇವತ್ತು ಕೈಯಲ್ಲಿ ಹೂ ಹಿಡಿದು ಸ್ಮಾರಕದ ಮುಂದೆ ನಿಲ್ತಾರೆ. ಮಂಡ್ಯದಲ್ಲಿ ಕೂತು ಈ ಕಾರ್ಯಕ್ರಮ ನೋಡ್ತಿರೋರು ಕೇಳಬಹುದು: ಏನ್ ಸ್ವಾಮಿ, ನಾಲೆಗೆ ನೀರು ಬಿಟ್ಟಿಲ್ಲ, ಕಬ್ಬಿನ ಬಾಕಿ ಬಂದಿಲ್ಲ, ನೀವು ಅರ್ಮೇನಿಯಾ ಅಂತೀರಲ್ಲ? ಇವತ್ತೊಂದು ದಿನ ಕೇಳಿ. ಅಲ್ಲಿಂದ ಹೊರಟು ಸೀದಾ ಶ್ರೀರಂಗಪಟ್ಟಣಕ್ಕೇ ಬರ್ತೀನಿ. ಪಾಂಡವಪುರ, ನಾಗಮಂಗಲ, ಕೆ.ಆರ್.ಪೇಟೆ ಎಲ್ಲವೂ ದಾರಿಯಲ್ಲೇ ಸಿಗ್ತಾವೆ.

ಅರ್ಮೇನಿಯನ್ನರು ಯಾರು? ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಬೆಟ್ಟಗುಡ್ಡದ ಜನ. ಕ್ರೈಸ್ತ ಧರ್ಮವನ್ನ ರಾಜಧರ್ಮವಾಗಿ ಸ್ವೀಕರಿಸಿದ ಮೊದಲ ರಾಜ್ಯ ತಮ್ಮದು, ಅದೂ 301ರಲ್ಲಿ, ಅನ್ನೋದು ಅವರ ಹೆಮ್ಮೆ. ಸುಮಾರು 405ರಲ್ಲಿ ಮೆಸ್ರೋಪ್ ಮಾಷ್ಟೋಟ್ಸ್ ಅನ್ನೋ ಸನ್ಯಾಸಿ ಅವರ ಭಾಷೆಗೆ ಸ್ವಂತ ಲಿಪಿ ಮಾಡಿಕೊಟ್ಟ. ನಮ್ಮ ಹಲ್ಮಿಡಿ ಶಾಸನದ ಕಾಲಕ್ಕೆ ಸ್ವಲ್ಪ ಹಿಂದೆ ಅಂದ್ಕೊಳ್ಳಿ. ಆಮೇಲೆ ದೊರೆಗಳು ಬದಲಾದ್ರು. ಅರಬರು, ಮಂಗೋಲರು, ಪರ್ಷಿಯನ್ನರು, ತುರ್ಕರು ಬಂದು ಹೋದ್ರು. ಲಿಪಿ ಮತ್ತು ಚರ್ಚು, ಈ ಎರಡನ್ನು ಮಾತ್ರ ಅವರು ಕೈಬಿಡಲಿಲ್ಲ.

1604, 1605ರ ಸುಮಾರಿಗೆ ಪರ್ಷಿಯಾದ ಶಾ ಅಬ್ಬಾಸ್ ಒಂದು ಕೆಲಸ ಮಾಡಿದ. ಅರಾಸ್ ನದಿ ದಡದ ಜುಲ್ಫಾ ಅನ್ನೋ ಶ್ರೀಮಂತ ವ್ಯಾಪಾರಿ ಪಟ್ಟಣವನ್ನ ಖಾಲಿ ಮಾಡಿಸಿ, ಅಲ್ಲಿನ ಅರ್ಮೇನಿಯನ್ನರನ್ನ ತನ್ನ ರಾಜಧಾನಿ ಇಸ್ಫಹಾನಿಗೆ ನಡೆಸಿಕೊಂಡು ಹೋದ. ಶತ್ರು ತುರ್ಕರ ಕೈಗೆ ಏನೂ ಸಿಗಬಾರದು, ತನ್ನ ಊರಿಗೆ ರೇಷ್ಮೆ ವ್ಯಾಪಾರ ಬರಬೇಕು. ನದಿ ದಾಟುವಾಗಲೇ ಬಹಳ ಜನ ಸತ್ತರು. ಬದುಕಿ ಇಸ್ಫಹಾನ್ ಸೇರಿದವರ ಮಕ್ಕಳು, ಮೊಮ್ಮಕ್ಕಳೇ ವ್ಯಾಪಾರ ಹುಡುಕಿಕೊಂಡು ಸೂರತ್, ಕಲ್ಕತ್ತಾ, ಮದ್ರಾಸಿಗೆ ಬಂದವರು. ಚೆನ್ನೈಗೆ ಹೋದಾಗ ಪ್ಯಾರಿಸ್ ಕಾರ್ನರ್ ಹತ್ತಿರ ಅರ್ಮೇನಿಯನ್ ಸ್ಟ್ರೀಟ್ ಅಂತ ಬೋರ್ಡ್ ನೋಡಿರ್ತೀರಿ. ಅಲ್ಲಿ ಅವರ ಚರ್ಚ್ ಇನ್ನೂ ಇದೆ. 1794ರಲ್ಲಿ ಅದೇ ಮದ್ರಾಸಿನಲ್ಲಿ ಹರುತ್ಯುನ್ ಶ್ಮಾವೋನಿಯನ್ ಅನ್ನೋ ಪಾದ್ರಿ ‘ಅಜ್ದರಾರ್’ ಅಂತ ಒಂದು ಪತ್ರಿಕೆ ತಂದ. ಇಡೀ ಪ್ರಪಂಚದಲ್ಲೇ ಅರ್ಮೇನಿಯನ್ ಭಾಷೆಯ ಮೊದಲ ಪತ್ರಿಕೆ ಅದು. ಹುಟ್ಟಿದ್ದು ನಮ್ಮ ಪಕ್ಕದ ಊರಲ್ಲಿ.

ಈಗ 1915. ಮೊದಲ ಮಹಾಯುದ್ಧ ನಡೀತಿದೆ. ಒಟ್ಟೋಮನ್ ತುರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ, ಅರ್ಮೇನಿಯನ್ನರು ಗಡಿಯ ಎರಡೂ ಕಡೆ. ಕೆಲವು ಅರ್ಮೇನಿಯನ್ ಪಡೆಗಳು ರಷ್ಯಾ ಜೊತೆ ಸೇರಿದ್ದವು, ಇದು ಸುಳ್ಳಲ್ಲ. ಏಪ್ರಿಲ್ 24ರ ರಾತ್ರಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದ್ರೆ ಇವತ್ತಿನ ಇಸ್ತಾಂಬುಲ್‌ನಲ್ಲಿ, ಇನ್ನೂರಕ್ಕೂ ಹೆಚ್ಚು ಅರ್ಮೇನಿಯನ್ ಕವಿಗಳು, ಪತ್ರಕರ್ತರು, ವಕೀಲರು, ಪಾದ್ರಿಗಳನ್ನ ಮನೆಯಿಂದ ಎತ್ತಿಕೊಂಡು ಹೋದ್ರು. ಹೆಚ್ಚಿನವರು ವಾಪಸ್ ಬರಲಿಲ್ಲ. ಆಮೇಲೆ ಊರೂರಿಗೆ ಆದೇಶ ಹೋಯ್ತು. ಗಂಡಸರನ್ನ ಬೇರೆ ಮಾಡಿ ಕೊಂದ್ರು. ಹೆಂಗಸರು, ಮಕ್ಕಳು, ಮುದುಕರನ್ನ ಸಿರಿಯಾದ ಡೇರ್ ಎಜ್ಜೋರ್ ಮರಳುಗಾಡಿನ ಕಡೆಗೆ ನಡೆಸಿದ್ರು. ಸತ್ತವರು 15 ಲಕ್ಷ ಅಂತಾರೆ ಅರ್ಮೇನಿಯನ್ನರು, ಬಹುತೇಕ ಇತಿಹಾಸಕಾರರ ಲೆಕ್ಕ 10 ಲಕ್ಷದ ಆಚೀಚೆ. ಈ ಘಟನೆಯನ್ನೂ ತಲೆಯಲ್ಲಿಟ್ಟುಕೊಂಡೇ ರಫಾಯಲ್ ಲೆಮ್ಕಿನ್ ಅನ್ನೋ ವಕೀಲ 1944ರಲ್ಲಿ ‘ಜೆನೊಸೈಡ್’ ಅನ್ನೋ ಪದ ಕಟ್ಟಿದ. ನಾವು ನರಮೇಧ ಅಂತೀವಲ್ಲ, ಅದು.

ತುರ್ಕಿ ಸರ್ಕಾರ ಇವತ್ತಿಗೂ ಆ ಪದ ಒಪ್ಪೋದಿಲ್ಲ. ಅದು ಯುದ್ಧದ ಕಾಲ, ಅವರು ಶತ್ರು ಜೊತೆ ಸೇರಿದ್ದರು, ಸ್ಥಳಾಂತರ ಮಾಡಿದ್ವಿ, ಕಾಯಿಲೆ ಹಸಿವಿನಿಂದ ಸತ್ತರು. ಇದು ಅವರ ವಾದ.

ಆ ಒಂದು ವಾಕ್ಯ ಹಿಡ್ಕೊಳ್ಳಿ: ‘ಅವರು ಶತ್ರು ಜೊತೆ ಸೇರಿದ್ದರು.’ ಇದನ್ನ ಹಿಡ್ಕೊಂಡೇ ನಾವು ಕಾವೇರಿ ದಡಕ್ಕೆ ಬರೋಣ.

ಮದ್ರಾಸಿನಲ್ಲಿ ಅರ್ಮೇನಿಯನ್ ಪಾದ್ರಿ ಪತ್ರಿಕೆ ಅಚ್ಚು ಹಾಕ್ತಿದ್ದ ಅದೇ 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ ಸಾವಿರಾರು ಮಂಗಳೂರು ಕಡೆಯ ಕ್ರೈಸ್ತರು ಸೆರೆಯಲ್ಲಿದ್ದರು. ಹತ್ತು ವರ್ಷ ಆಗಿತ್ತು. ಇನ್ನೂ ಐದು ವರ್ಷ ಬಾಕಿ ಇತ್ತು.

ಕೆನರಾದ ಈ ಕೊಂಕಣಿ ಕ್ಯಾಥೊಲಿಕರು ಗೋವಾದಿಂದ ಬಂದು ಕರಾವಳಿಯಲ್ಲಿ ಗದ್ದೆ ತೋಟ ಮಾಡಿಕೊಂಡು ನೆಲೆ ನಿಂತವರು. 1768ರಲ್ಲಿ ಇಂಗ್ಲಿಷರು ಮಂಗಳೂರು ಹಿಡಿದಾಗ ಇವರು ಅವರಿಗೆ ಸಹಾಯ ಮಾಡಿದರು ಅನ್ನೋ ಆರೋಪ ಹೈದರಾಲಿ ಕಿವಿಗೆ ಬಿತ್ತು. ಹೈದರ್ ಕೆಲವರನ್ನ ಜೈಲಿಗೆ ಹಾಕಿದ, ಅಲ್ಲಿಗೆ ಬಿಟ್ಟ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಕರಾವಳಿಗೆ ನುಗ್ಗಿದಾಗ ಮತ್ತೆ ಅದೇ ಆರೋಪ. ಆಗ ಹೈದರ್ ತೀರಿಕೊಂಡಿದ್ದ, ಮಗ ಟಿಪ್ಪು ಪಟ್ಟದಲ್ಲಿದ್ದ. ಟಿಪ್ಪು ಮಂಗಳೂರನ್ನ ಮುತ್ತಿಗೆ ಹಾಕಿ ಗೆದ್ದ. 1784ರ ಮಾರ್ಚ್ 11ಕ್ಕೆ ಇಂಗ್ಲಿಷರ ಜೊತೆ ಮಂಗಳೂರು ಒಪ್ಪಂದವೂ ಆಯ್ತು. ಇಂಗ್ಲಿಷರು ಮರ್ಯಾದೆಯಿಂದ ಹಡಗು ಹತ್ತಿದ್ರು. ಅವರಿಗೆ ಸಹಾಯ ಮಾಡಿದ್ರು ಅನ್ನಿಸಿಕೊಂಡವರು ಮಾತ್ರ ಘಟ್ಟ ಹತ್ತಿದ್ರು.

ಒಪ್ಪಂದಕ್ಕೆ ಸ್ವಲ್ಪ ಮೊದಲೇ, ಫೆಬ್ರವರಿ ಕೊನೆಯಲ್ಲಿ, ಕರಾವಳಿಯುದ್ದಕ್ಕೂ ಏಕಕಾಲಕ್ಕೆ ಬಂಧನ ನಡೀತು. ವಿಭೂತಿ ಬುಧವಾರದ ಹೊತ್ತು ಅಂತ ಆ ಸಮುದಾಯ ನೆನಪಿಟ್ಟುಕೊಂಡಿದೆ. ಮನೆ, ಗದ್ದೆ ಜಪ್ತಿ. ಪಾದ್ರಿಗಳನ್ನ ಗಡೀಪಾರು ಮಾಡಿದರು, ಹೈದರ್ ಕಾಲದಲ್ಲಿ ಅರಮನೆಗೆ ಬೇಕಾಗಿದ್ದ ಫರಂಗಿಪೇಟೆಯ ಮಿರಾಂಡಾ ಪಾದ್ರಿಯನ್ನೂ ಬಿಡಲಿಲ್ಲ. 27 ಚರ್ಚುಗಳನ್ನ ಕೆಡವಿದರು ಅನ್ನೋದು ಲೆಕ್ಕ. ಮೂಡುಬಿದಿರೆಯ ಹೊಸಬೆಟ್ಟು ಚರ್ಚ್ ಉಳಿಯಿತು. ಯಾಕೆ ಗೊತ್ತಾ? ಅಲ್ಲಿನ ಜೈನ ಅರಸ, ಚೌಟ ರಾಜ, ಅದನ್ನ ಬಿಡಿ ಅಂತ ಕೇಳಿಕೊಂಡ. ಒಬ್ಬ ಜೈನ ಅರಸ ಮುಸ್ಲಿಂ ಸುಲ್ತಾನನ ಹತ್ತಿರ ಕ್ರೈಸ್ತರ ಚರ್ಚಿಗಾಗಿ ಬೇಡಿಕೊಂಡ! ಈ ಒಂದು ಸಾಲು ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ಸುತ್ತೆ.

ಆಮೇಲೆ ನಡಿಗೆ. ಜಮಾಲಾಬಾದ್ ಕೋಟೆ ಕಡೆಯಿಂದ, ಘಟ್ಟ ಹತ್ತಿ, ಶ್ರೀರಂಗಪಟ್ಟಣದವರೆಗೆ. ಸುಮಾರು ಆರು ವಾರ. ಬಸುರಿಯರು, ಬಾಣಂತಿಯರು, ಕೈಗೂಸುಗಳು, ಕೋಲು ಹಿಡಿದ ಅಜ್ಜಂದಿರು. ಕರಾವಳಿಯ ಸೆಕೆಗೆ ಹೊಂದಿಕೊಂಡಿದ್ದ ಮೈ ಘಟ್ಟದ ಮೇಲಿನ ಚಳಿಗೆ ಸಿಕ್ಕಿತು. ದಾರಿಯಲ್ಲೇ ಸಾವಿರಾರು ಜನ ಹೋದರು. ತಲುಪಿದವರಲ್ಲಿ ಗಟ್ಟಿಮುಟ್ಟಾದ ಹುಡುಗರಿಗೆ ಮುಂಜಿ ಮಾಡಿಸಿ, ಹೆಸರು ಬದಲಿಸಿ, ಅಹಮದಿ ಪಡೆ, ಚೇಲಾ ಪಡೆ ಅಂತ ಸೈನ್ಯಕ್ಕೆ ಸೇರಿಸಿದರು. ಹೆಣ್ಣುಮಕ್ಕಳನ್ನ ಹಂಚಿದರು. ಎದುರಾಡಿದವರ ಮೂಗು ಕಿವಿ ಕೊಯ್ದದ್ದನ್ನ ಜೇಮ್ಸ್ ಸ್ಕರಿ ಬರೆದಿದ್ದಾನೆ. ಅವನೂ ಅಲ್ಲೇ ಹತ್ತು ವರ್ಷ ಸೆರೆಯಲ್ಲಿ ಕೊಳೆತ ಇಂಗ್ಲಿಷ್ ಹುಡುಗ.

ಎಷ್ಟು ಜನ? ಟಿಪ್ಪುವಿನ ಆಸ್ಥಾನದ ದಾಖಲೆ 60,000 ಅನ್ನುತ್ತೆ. ಸ್ಕರಿ 30,000 ಅಂತಾನೆ. ಇಲ್ಲಿ ಒಂದು ತಮಾಷೆ ನೋಡಿ. ತುರ್ಕಿ ತನ್ನ ಸಂಖ್ಯೆಯನ್ನ ಕಡಿಮೆ ಮಾಡಿ ತೋರಿಸುತ್ತೆ, ಯಾಕಂದ್ರೆ ಇಪ್ಪತ್ತನೇ ಶತಮಾನದಲ್ಲಿ ಅದು ನಾಚಿಕೆ. ಹದಿನೆಂಟನೇ ಶತಮಾನದ ದೊರೆಗಳು ಜಾಸ್ತಿ ಮಾಡಿ ತೋರಿಸ್ತಿದ್ದರು, ಯಾಕಂದ್ರೆ ಆಗ ಅದು ಬಿರುದು. ಕೊಡಗಿನ ವಿಷಯದಲ್ಲೂ ಹಾಗೇ. 1785ರಲ್ಲಿ ಕೊಡವರನ್ನ ಹಿಡಿದು ತಂದ ಮೇಲೆ ಟಿಪ್ಪು ಕರ್ನೂಲಿನ ನವಾಬನಿಗೆ ಬರೆದ ಪತ್ರದಲ್ಲಿ 40,000 ಜನ ಅಂತ ಹೇಳಿಕೊಂಡ. ಕೊಡಗಿನಲ್ಲಿ ಆಗ ಒಟ್ಟು ಜನಸಂಖ್ಯೆ ಎಷ್ಟಿತ್ತು ಅಂತ ಯೋಚಿಸಿದ್ರೆ ಆ ಸಂಖ್ಯೆ ನಂಬೋದು ಕಷ್ಟ. ಆದ್ರೆ ಸಂಖ್ಯೆ ನಂಬೋದು ಕಷ್ಟ ಅಂದ ಮಾತ್ರಕ್ಕೆ ಘಟನೆ ಸುಳ್ಳಾಗಲ್ಲ. ಇದನ್ನ ಎರಡೂ ಕಡೆಯವರು ಗಮನಿಸಬೇಕು. ಒಬ್ಬರು ಸಂಖ್ಯೆ ದೊಡ್ಡದು ಮಾಡಿ ಕೂಗ್ತಾರೆ. ಇನ್ನೊಬ್ಬರು ಆ ಸಂಖ್ಯೆ ತಪ್ಪು ಅಂತ ತೋರಿಸಿ, ನೋಡಿ ಏನೂ ಆಗೇ ಇಲ್ಲ ಅಂತಾರೆ.

ಟಿಪ್ಪುವಿಗೆ ಇದು ಹೊಸ ಉಪಾಯವೂ ಅಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದಾಗ 20,000 ಬೇಡರನ್ನ ಕಿತ್ತು ತಂದು ಶ್ರೀರಂಗಪಟ್ಟಣದ ದ್ವೀಪದಲ್ಲಿ ತುಂಬಿದ ಅಂತ ಗೆಜೆಟಿಯರ್ ಹೇಳುತ್ತೆ. ಚೇಲಾ ಪಡೆ ಅನ್ನೋದು ಶುರುವಾದದ್ದೇ ಆ ಬೇಡರ ಹುಡುಗರಿಂದ. ಆಮೇಲೆ ಟಿಪ್ಪು ಶಹರ್ ಗಂಜಾಂ ಕಟ್ಟುವಾಗ ಕಸುಬುದಾರರು ಬೇಕು ಅಂತ ಸಿರಾದಿಂದ 12,000 ಕುಟುಂಬ ತರಿಸಿದ. ಬೇಡರು ಹಿಂದೂಗಳು, ಸಿರಾದವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದರು. ಶಾ ಅಬ್ಬಾಸ್ ಇಸ್ಫಹಾನ್ ಕಟ್ಟಿದ ಹಾಗೇ ಇದೂ. ಇವತ್ತು ಗಂಜಾಂನಲ್ಲಿ ಕಾರ್ ನಿಲ್ಲಿಸಿ, ನಿಮಿಷಾಂಬಾ ದೇವಿಗೆ ಹೂವಿನ ಬುಟ್ಟಿ ತಗೊಂಡು ಹೋಗ್ತೀವಲ್ಲ, ಆ ಊರಿನ ಬುನಾದಿಯಲ್ಲಿ ಎಷ್ಟು ಊರುಗಳ ಕಣ್ಣೀರಿದೆ ಅಂತ ಯಾರೂ ಹೇಳಿಕೊಡೋದಿಲ್ಲ.

ಪಾಂಡವಪುರ ತಾಲೂಕಿಗೆ ಬನ್ನಿ. ಮೇಲುಕೋಟೆ. ಮಂಡ್ಯಂ ಅಯ್ಯಂಗಾರರ ಅನೇಕ ಮನೆಗಳಲ್ಲಿ ನರಕ ಚತುರ್ದಶಿ ದಿನ ದೀಪಾವಳಿ ಇಲ್ಲ. ಎಣ್ಣೆಸ್ನಾನದ ಸಂಭ್ರಮ ಇಲ್ಲ. ಆ ದಿನ ಟಿಪ್ಪುವಿನ ಕಡೆಯವರು ತಮ್ಮವರನ್ನ ನೂರಾರು ಸಂಖ್ಯೆಯಲ್ಲಿ ಕೊಂದರು ಅಂತ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಮಾತು. ಇದಕ್ಕೆ ಹಿನ್ನೆಲೆ ಇದೆ. ಪಟ್ಟ ಕಳೆದುಕೊಂಡಿದ್ದ ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿಯವರು ಇಂಗ್ಲಿಷರ ಜೊತೆ ಗುಟ್ಟಾಗಿ ಮಾತುಕತೆ ನಡೆಸ್ತಿದ್ದರು. ಅವರ ಪರವಾಗಿ ಓಡಾಡಿದವರು ಪ್ರಧಾನ ತಿರುಮಲರಾಯ, ನಾರಾಯಣರಾಯ ಸೋದರರು. 1782ರ ಅಕ್ಟೋಬರ್ 28ಕ್ಕೆ ತಂಜಾವೂರಿನಲ್ಲಿ ಒಪ್ಪಂದವೇ ಆಯ್ತು. ಮರುವರ್ಷ, ಟಿಪ್ಪು ಮಂಗಳೂರಿನ ಕಡೆ ಇದ್ದಾಗ, ಶ್ರೀರಂಗಪಟ್ಟಣದಲ್ಲಿ ದಂಗೆಯ ಸಂಚು ಬಯಲಾಯ್ತು. ಅಂಚೆ ಶಾಮಯ್ಯ ಅಂತ, ಅಂಚೆ ಮತ್ತು ಗುಪ್ತಚರ ಇಲಾಖೆ ನೋಡಿಕೊಳ್ತಿದ್ದ ದೊಡ್ಡ ಅಧಿಕಾರಿ, ಸಿಕ್ಕಿಬಿದ್ದ. ಸಂಚು ನಿಜ. ಅದು ದಾಖಲೆಯಲ್ಲಿದೆ.

ಸಂಚಿಗೆ ಸೇರದ ಮನೆಗಳ ಮೇಲೂ ಕತ್ತಿ ಬಿತ್ತು ಅನ್ನೋದು ಆ ಸಮುದಾಯದ ನೆನಪು. ಇದಕ್ಕೆ ಆ ಕಾಲದ ಬರಹದ ಸಾಕ್ಷಿ ಎಲ್ಲಿ ಅಂತ ಇತಿಹಾಸಕಾರರು ಕೇಳ್ತಾರೆ, ಕೇಳೋದು ನ್ಯಾಯ. ಶ್ರೀರಂಗನಾಥನಿಗೆ ಬೆಳ್ಳಿ ಪಾತ್ರೆ ಕೊಟ್ಟವನು, 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠ ದೋಚಿದಾಗ ಸ್ವಾಮಿಗಳಿಗೆ ಪತ್ರ ಬರೆದು ಮೂರ್ತಿ ಪ್ರತಿಷ್ಠೆಗೆ ಹಣ ಕಳಿಸಿದವನು ಹೀಗೆ ಮಾಡಿದನಾ ಅಂತಲೂ ಕೇಳ್ತಾರೆ. ಎರಡನೇ ಪ್ರಶ್ನೆ ನನಗೆ ಅಷ್ಟು ಬಲವಾದದ್ದು ಅನ್ನಿಸಲ್ಲ. ಒಂದು ಕೈಯಲ್ಲಿ ದಾನ ಕೊಟ್ಟ ದೊರೆ ಇನ್ನೊಂದು ಕೈಯಲ್ಲಿ ಕೊಲ್ಲಿಸಿದ್ದಕ್ಕೆ ಚರಿತ್ರೆಯಲ್ಲಿ ಬೇಕಾದಷ್ಟು ಉದಾಹರಣೆ ಇದೆ. ಮೊದಲನೇ ಪ್ರಶ್ನೆ ಗಟ್ಟಿ. ಆದ್ರೂ ನನ್ನದೊಂದು ಮಾತು. ನಮ್ಮಲ್ಲಿ ಮನೆಯಲ್ಲಿ ಹಬ್ಬ ಬಿಡೋದು ಅಂದ್ರೆ ಸಣ್ಣ ವಿಷಯವಾ? ಒಂದು ವರ್ಷ ಸೂತಕ ಬಂದ್ರೇ ಮಕ್ಕಳು ಪಟಾಕಿಗೆ ಅಳ್ತಾವೆ. ಇನ್ನೂರು ಚಿಲ್ಲರೆ ವರ್ಷ ಒಂದು ಸಮುದಾಯ ದೀಪ ಹಚ್ಚದೆ ಕೂತಿದೆ ಅಂದ್ರೆ, ಅದನ್ನ ಕಾಗದ ಇಲ್ಲ ಅಂತ ತಳ್ಳಿಹಾಕುವ ಮೊದಲು ಸ್ವಲ್ಪ ತಡೀಬೇಕು.

ಇನ್ನೊಂದು ಪುಟ ಇದೆ, ಅದನ್ನೂ ಓದಬೇಕು. 1771ರಲ್ಲಿ ಮೇಲುಕೋಟೆಯಿಂದ ಪಟ್ಟಣಕ್ಕೆ ಹಿಂದೆ ಸರೀತಿದ್ದ ಹೈದರ್ ಸೈನ್ಯವನ್ನ ಚಿನಕುರುಳಿಯಲ್ಲಿ ಮರಾಠರು ಕೊಚ್ಚಿದರು. ಆಮೇಲೆ ಮೇಲುಕೋಟೆಗೆ ನುಗ್ಗಿ ಸುಲಿಗೆ ಮಾಡಿದರು. ತೇರುಗಳಲ್ಲಿದ್ದ ಕಬ್ಬಿಣಕ್ಕೋಸ್ಕರ ತೇರಿಗೇ ಬೆಂಕಿ ಹಚ್ಚಿದರು, ಬೆಂಕಿ ಗುಡಿಗಳಿಗೂ ಹಬ್ಬಿತು ಅಂತ ರೈಸ್ ಸಾಹೇಬರ ಗೆಜೆಟಿಯರ್‌ನಲ್ಲಿದೆ. 1792ರಲ್ಲಿ ನಾಗಮಂಗಲವನ್ನ ಹಾಳುಗೆಡವಿದವರೂ ಮರಾಠರೇ. ಊರಿನ ಜೊತೆ ಒಂದೂವರೆ ಲಕ್ಷ ತೆಂಗು ತಾಳೆ ಜಾತಿಯ ಮರಗಳೂ ನಾಶವಾದವು. ಒಂದು ತೆಂಗಿನ ಸಸಿ ಫಲಕ್ಕೆ ಬರಬೇಕಾದ್ರೆ ಎಷ್ಟು ವರ್ಷ ನೀರು ಹೊರಬೇಕು ಅಂತ ನಾಗಮಂಗಲದ ರೈತರಿಗೆ ನಾನು ಹೇಳಬೇಕಾಗಿಲ್ಲ. ಕೆ.ಆರ್.ಪೇಟೆಗೆ ಆಗ ಅತ್ತಿಗುಪ್ಪೆ ಅಂತ ಹೆಸರು. ಪಾಂಡವಪುರದ ಹಿರೋಡೆಗೆ ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದದ್ದೂ ಸುಲ್ತಾನರ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದಕ್ಕೆ. ಹೈದರ್, ಟಿಪ್ಪು, ಮರಾಠರು, ನಿಜಾಮ, ಇಂಗ್ಲಿಷರು, ಫ್ರೆಂಚರು, ಎಲ್ಲರ ಕುದುರೆಗೂ ಮೇವು ಬೇಕಿತ್ತು. ಅದು ಬೆಳೆದದ್ದು ಈ ಸೀಮೆಯ ಹೊಲಗಳಲ್ಲಿ.

ಹಾಗಾದ್ರೆ ಎಲ್ಲರೂ ಒಂದೇ, ಎಲ್ಲರೂ ಮಾಡಿದ್ದಾರೆ, ಬಿಟ್ಟಾಕಿ ಅನ್ನೋಣವಾ? ಇಲ್ಲ. ಇಲ್ಲೇ ನಾನು ಬೇರೆ ನಿಲ್ತೀನಿ. ಮರಾಠರು ದಾರಿಯಲ್ಲಿ ಸಿಕ್ಕಿದ್ದನ್ನ ದೋಚಿದರು. ಅದು ಸುಲಿಗೆ, ಘೋರವಾದ ಸುಲಿಗೆ. ಮಂಗಳೂರಿನವರಿಗೂ ಕೊಡವರಿಗೂ ಆದದ್ದು ಬೇರೆ. ಅಲ್ಲಿ ಒಂದು ಜನವನ್ನ, ಆ ಜನ ಅನ್ನೋ ಕಾರಣಕ್ಕೆ, ಪಟ್ಟಿ ಮಾಡಿ ಹಿಡಿದು ತಂದರು. ಇಂಗ್ಲಿಷರಿಗೆ ಸಾಲ ಕೊಟ್ಟವನೊಬ್ಬ ಇದ್ದಿರಬಹುದು, ದಾರಿ ತೋರಿಸಿದವನೊಬ್ಬ ಇದ್ದಿರಬಹುದು. ತೊಟ್ಟಿಲ ಮಗು ಯಾವ ಜನರಲ್ ಮ್ಯಾಥ್ಯೂಸ್‌ಗೆ ದಾರಿ ತೋರಿಸಿತ್ತು? 1915ರ ಅನಾಟೋಲಿಯಾದಲ್ಲಿ ಬೆತ್ತ ಹಿಡಿದು ನಡೆದ ಅಜ್ಜಿ ಯಾವ ರಷ್ಯನ್ ಸೈನ್ಯಕ್ಕೆ ರೊಟ್ಟಿ ಬೇಯಿಸಿದ್ದಳು? ಅರ್ಮೇನಿಯಾದ ಸಾವಿನ ಪ್ರಮಾಣವೇ ಬೇರೆ, ಅಲ್ಲಿದ್ದ ಉದ್ದೇಶವೇ ಬೇರೆ, ಎರಡನ್ನೂ ತಕ್ಕಡಿಯ ಒಂದೇ ತಟ್ಟೆಗೆ ಹಾಕಬೇಡಿ. ಆದ್ರೆ ಕೆಲವರ ಮೇಲಿನ ಅನುಮಾನವನ್ನ ಇಡೀ ಜನದ ಮೇಲೆ ಹೊರಿಸೋ ಆ ಮೊದಲ ಹೆಜ್ಜೆ ಇದ್ಯಲ್ಲ, ಅದು ಎರಡೂ ಕಡೆ ಒಂದೇ ಥರ.

ಸೆರೆಯ ಕಥೆ ಮುಗಿಸ್ತೀನಿ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ರಾತ್ರೋರಾತ್ರಿ ಪಟ್ಟಣದ ಮೇಲೆ ಬಿದ್ದಾಗ, ಆ ಗದ್ದಲದಲ್ಲಿ ಸಾವಿರಾರು ಕೊಡವರು ಹೆಂಡತಿ ಮಕ್ಕಳ ಜೊತೆ ತಪ್ಪಿಸಿಕೊಂಡು ಊರ ದಾರಿ ಹಿಡಿದರು. ಮಂಗಳೂರಿನವರಲ್ಲಿ ಬಹುತೇಕರಿಗೆ ಬಿಡುಗಡೆ ಸಿಕ್ಕಿದ್ದು 1799ರ ಮೇ 4ರಂದು, ಟಿಪ್ಪು ಕೋಟೆ ಬಾಗಿಲ ಹತ್ತಿರ ಹೋರಾಡುತ್ತಾ ಸತ್ತ ಮೇಲೆ. ಹದಿನೈದು ವರ್ಷ. ಹೊರಟಾಗ ಐದು ವರ್ಷದ ಹುಡುಗಿ ವಾಪಸ್ ಬರುವಾಗ ಇಪ್ಪತ್ತರ ಹೆಂಗಸು. ಹಾಗೆ ಮರಳಿ ಬಂದವರು ಹತ್ತು ಸಾವಿರದ ಆಸುಪಾಸು ಅಂತಾರೆ. ಊರಿಗೆ ಹೋಗಿ ನೋಡಿದ್ರೆ ಗದ್ದೆಯಲ್ಲಿ ಬೇರೆಯವರ ಪೈರು. ಕಚೇರಿಗೆ ಅರ್ಜಿ ಹಾಕಿ, ಅಲೆದು, ಮತ್ತೆ ಮನೆ ಕಟ್ಟಿದರು. ಇವತ್ತಿನ ಮಂಗಳೂರಿನ ಶಾಲೆ, ಆಸ್ಪತ್ರೆ, ಹೆಂಚಿನ ಕಾರ್ಖಾನೆ, ಕಾಫಿ ವ್ಯಾಪಾರ, ಎಲ್ಲದರಲ್ಲೂ ಆ ಅರ್ಜಿ ಬರೆದವರ ಮಕ್ಕಳು ಮರಿಮಕ್ಕಳ ಕೈ ಇದೆ. ವಿ.ಜೆ.ಪಿ. ಸಲ್ಡಾನ ಅವರು ಕೊಂಕಣಿಯಲ್ಲಿ ಈ ಸೆರೆಯ ಬಗ್ಗೆ ಕಾದಂಬರಿಗಳನ್ನೇ ಬರೆದರು. ಅಲನ್ ಮಚಾದೊ ಪ್ರಭು ಇಂಗ್ಲಿಷ್‌ನಲ್ಲಿ ದಾಖಲೆ ಹುಡುಕಿ ಪುಸ್ತಕ ಮಾಡಿದರು. ಸೆರೆಮನೆ ಇದ್ದ ಜಿಲ್ಲೆಯ ನಮ್ಮ ಜನಕ್ಕೆ ಆ ಹೆಸರುಗಳೇ ಗೊತ್ತಿಲ್ಲ.

ವಾಪಸ್ ಹೋಗದವರೂ ಇದ್ದರು. ಪಟ್ಟಣ ಬಿದ್ದ ಮೇಲೆ ಅಬ್ಬೆ ದುಬಾ ಅನ್ನೋ ಫ್ರೆಂಚ್ ಪಾದ್ರಿ ಬಂದ. ನಮ್ಮ ಜನ ಅವನನ್ನ ದೊಡ್ಡಸ್ವಾಮಿ ಅಂತ ಕರೆದರು. ಗಂಜಾಂನಲ್ಲಿ ಅವನ ಹೆಸರಿನ ಚರ್ಚ್ ಇವತ್ತಿಗೂ ಇದೆ. ಮುಂಜಿ ಮಾಡಿಸಿಕೊಂಡಿದ್ದ ಕ್ರೈಸ್ತರನ್ನ ಮತ್ತೆ ಮತಕ್ಕೆ ಸೇರಿಸಿಕೊಂಡ. ಸಿಡುಬಿಗೆ ಲಸಿಕೆ ಹಾಕಿಸಲು ಹಳ್ಳಿ ಹಳ್ಳಿ ತಿರುಗಿದ. ದೊಡ್ಡ ಮನುಷ್ಯ, ಅನುಮಾನವಿಲ್ಲ. ಆದ್ರೆ ಅವನೇ ಮುಂದೆ ಬರೆದ, ಅಷ್ಟು ಸಾವಿರ ಜನರಲ್ಲಿ ಧರ್ಮಕ್ಕಾಗಿ ಪ್ರಾಣ ಕೊಡೋ ಧೈರ್ಯದವನು ಒಬ್ಬನೂ ಇರಲಿಲ್ಲವಲ್ಲ, ಎಂಥ ನಾಚಿಕೆ ಅನ್ನೋ ಅರ್ಥದಲ್ಲಿ. ಈ ಮಾತು ಓದಿದಾಗ ನನಗೆ ಸಿಟ್ಟು ಬಂತು. ಸೆರೆ ಮುಗಿದ ಮೇಲೆ ಬಂದು, ಮೇಜಿನ ಮುಂದೆ ಕೂತು, ಸತ್ತಿಲ್ಲ ಅಂತ ಬದುಕಿದವರನ್ನ ಬೈಯೋದು ಸುಲಭ. ಮಗುವನ್ನ ಕಂಕುಳಲ್ಲಿ ಇಟ್ಟುಕೊಂಡ ತಾಯಿ ಬದುಕುವ ದಾರಿ ಹಿಡಿದಳು. ಅದಕ್ಕೆ ಯಾರೂ ಮಾರ್ಕ್ಸ್ ಹಾಕಬೇಕಾಗಿಲ್ಲ.

ಕೊಡಗಿನಲ್ಲಿ ಇವತ್ತಿಗೂ ಕೊಡವ ಮನೆತನದ ಹೆಸರು ಇಟ್ಟುಕೊಂಡಿರುವ ಮುಸ್ಲಿಂ ಕುಟುಂಬಗಳಿವೆ. ಹಾಗೆಯೇ ಶ್ರೀರಂಗಪಟ್ಟಣ, ಮೈಸೂರು ಕಡೆ ಉಳಿದುಕೊಂಡ ಸೆರೆಯಾಳುಗಳ ವಂಶ ಏನಾಯ್ತು? ಅವರ ಮೊಮ್ಮಕ್ಕಳು ಇಲ್ಲೇ ಯಾವುದೋ ಓಣಿಯಲ್ಲಿ, ಮಸೀದಿಗೆ ಹೋಗ್ತಾ, ಮಂಡ್ಯದ ಕನ್ನಡ ಮಾತಾಡ್ತಾ ಬದುಕಿರಬೇಕು. ತಮ್ಮ ಮುತ್ತಜ್ಜಿ ಕರಾವಳಿಯಿಂದ ನಡೆದು ಬಂದವಳು ಅಂತ ಅವರಿಗೇ ಗೊತ್ತಿರಲಾರದು. ತುರ್ಕಿಯಲ್ಲಿ ಇದೇ ಆಯ್ತು. ಫೆತಿಯೆ ಚೆಟಿನ್ ಅನ್ನೋ ವಕೀಲೆ, ಮುಸ್ಲಿಂ ಹೆಣ್ಣುಮಗಳು. ಒಂದು ದಿನ ಅವಳ ಅಜ್ಜಿ ಹೇಳಿದಳು, ನನ್ನ ಹೆಸರು ಹೆರಾನುಷ್, ನಾನು ಅರ್ಮೇನಿಯನ್ ಅಂತ. 1915ರ ನಡಿಗೆಯಲ್ಲಿ ತಾಯಿ ಕೈಯಿಂದ ಕಿತ್ತುಕೊಂಡ ಮಗು ಅದು. ಫೆತಿಯೆ 2004ರಲ್ಲಿ ಅಜ್ಜಿಯ ಬಗ್ಗೆ ಪುಸ್ತಕ ಬರೆದರು. ಆಮೇಲೆ ನಮ್ಮಜ್ಜಿಯೂ ಹಾಗೇ ಅಂತ ಹೇಳಿಕೊಳ್ಳೋರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅಗೋಸ್ ಪತ್ರಿಕೆಯ ಸಂಪಾದಕ ಹ್ರಾಂಟ್ ಡಿಂಕ್ ಇಂಥ ಮಾತುಗಳನ್ನ ಅಚ್ಚು ಹಾಕಿದ್ದಕ್ಕೆ 2007ರ ಜನವರಿ 19ರಂದು ಇಸ್ತಾಂಬುಲ್‌ನಲ್ಲಿ ತನ್ನ ಆಫೀಸಿನ ಬಾಗಿಲಲ್ಲೇ ಗುಂಡಿಗೆ ಬಲಿಯಾದ. ಅವನ ಶವಯಾತ್ರೆಯಲ್ಲಿ ಸಾವಿರಾರು ತುರ್ಕರು, ನಾವೆಲ್ಲರೂ ಅರ್ಮೇನಿಯನ್ನರು ಅಂತ ಬೋರ್ಡ್ ಹಿಡಿದು ನಡೆದರು. ಸರ್ಕಾರ ಒಪ್ಪದ್ದನ್ನ ಆ ಜನ ಒಪ್ಪಿದ್ದರು.

ಇನ್ನು ನಮ್ಮ ಕಡೆ. 2015ರಲ್ಲಿ ಸರ್ಕಾರ ನವೆಂಬರ್ 10ಕ್ಕೆ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಆ ಮೊದಲ ವರ್ಷವೇ ಮಡಿಕೇರಿಯಲ್ಲಿ ಗಲಭೆ, ಸಾವು. ನವೆಂಬರ್ ಬಂತು ಅಂದ್ರೆ ನಮ್ಮ ಚಾನೆಲ್‌ಗಳಿಗೆಲ್ಲ ಹಬ್ಬ. ಒಬ್ಬರು ಹುಲಿ ಅಂತಾರೆ, ಒಬ್ಬರು ಮತಾಂಧ ಅಂತಾರೆ. ಹಬ್ಬ ಬಿಟ್ಟ ಮನೆಯವರನ್ನ, ಸೆರೆಗೆ ಹೋದ ಮನೆಯವರನ್ನ ಆ ಚರ್ಚೆಗೆ ಕರೆದವರು ಕಡಿಮೆ. 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಟಿಪ್ಪುವನ್ನ ಕೊಂದದ್ದು ಉರಿಗೌಡ, ನಂಜೇಗೌಡ ಅಂದ್ರು. ಮಂಡ್ಯದಲ್ಲಿ ಆ ಹೆಸರಿನ ಕಮಾನು ಎದ್ದಿತು. ಸಿನಿಮಾ ಘೋಷಣೆಯೂ ಆಯ್ತು. ಕೊನೆಗೆ ನಾಗಮಂಗಲ ತಾಲೂಕಿನ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ, ದಾಖಲೆ ಇಲ್ಲದ್ದನ್ನ ಹೇಳಬೇಡಿ ಅಂದ ಮೇಲೆ ಅದು ನಿಂತಿತು. ಒಂದು ಕಡೆ ಇದ್ದದ್ದನ್ನ ಇಲ್ಲ ಅನ್ನೋದು, ಇನ್ನೊಂದು ಕಡೆ ಇಲ್ಲದ್ದನ್ನ ಇದೆ ಅನ್ನೋದು. ನಡುವೆ ನಿಜವಾಗಿ ನಡೆದು ಬಂದು ಸತ್ತವರ ಸುದ್ದಿಯೇ ಇಲ್ಲ.

ಅದೇ ನಾಗಮಂಗಲದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಗಣೇಶನ ಮೆರವಣಿಗೆ ವೇಳೆ ಗಲಾಟೆ ಆಗಿ ಅಂಗಡಿಗಳು ಸುಟ್ಟವು. ಅವತ್ತು ರಾತ್ರಿಯಿಡೀ ಟಿವಿಯಲ್ಲಿ ಕೇಳಿದ ಪದ ಯಾವುದು ನೆನಪಿದ್ಯಾ? ‘ಅವರು.’ ಎರಡೂ ಕಡೆಯವರ ಬಾಯಲ್ಲೂ ಅದೇ. ಕಲ್ಲು ಹೊಡೆದವನಿಗೆ ಹೆಸರಿದೆ, ಅಪ್ಪನ ಹೆಸರಿದೆ, ವಿಳಾಸವಿದೆ. ಎಫ್‌ಐಆರ್‌ನಲ್ಲಿ ಅದನ್ನೇ ಬರೀಬೇಕು. ಬೀದಿಯಲ್ಲಿ ಪಂಕ್ಚರ್ ಹಾಕೋನೂ, ಬಳೆ ಮಾರೋಳೂ, ಪೂಜೆ ಮುಗಿಸಿ ಪ್ರಸಾದ ತಗೊಂಡು ಮನೆಗೆ ಹೋಗ್ತಿದ್ದ ಹುಡುಗನೂ ‘ಅವರು’ ಅನ್ನೋ ಒಂದೇ ಮೂಟೆಯಲ್ಲಿ ಸೇರಬಾರದು. ಟಿಪ್ಪು 1784ರಲ್ಲಿ ಮಾಡಿದ ತಪ್ಪಿಗೆ 2024ರ ಪಂಕ್ಚರ್ ಅಂಗಡಿಯವನು ಉತ್ತರ ಕೊಡಬೇಕು ಅನ್ನೋರಿದ್ದಾರೆ. ಅವರು ಮಾಡ್ತಿರೋದು ಟಿಪ್ಪು ಮಾಡಿದ್ದನ್ನೇ.

ಪ್ರವಾಸೋದ್ಯಮ ಇಲಾಖೆಯವರಿಗೆ ಒಂದು ಮನವಿ ಇದೆ. ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೈಲಿ ಬಂದೀಖಾನೆ ಇದೆ, ಗೈಡ್‌ಗಳು ಇಂಗ್ಲಿಷ್ ಅಧಿಕಾರಿಗಳ ಕಷ್ಟ ಹೇಳ್ತಾರೆ. ದರಿಯಾ ದೌಲತ್ ಇದೆ, ಗುಂಬಜ್ ಇದೆ. ಇದೇ ಮಣ್ಣಲ್ಲಿ ಹದಿನೈದು ವರ್ಷ ಇದ್ದ ಕರಾವಳಿಯವರು, ಕೊಡವರು, ದುರ್ಗದ ಬೇಡರು, ಸಿರಾದ ಕುಟುಂಬಗಳು, ಇವರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲಿನ ದೊಡ್ಡದೊಂದು ಫಲಕ ಗಂಜಾಂ ದಾರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ನಿಲ್ಲಿಸಿ. ಬೈಗುಳ ಬೇಡ, ಬಿರುದು ಬೇಡ. ಯಾವ ಊರಿನವರು, ಯಾವ ವರ್ಷ ಬಂದರು, ಯಾವ ವರ್ಷ ಹೋದರು. ಹೊಸಬೆಟ್ಟು ಚರ್ಚ್ ಉಳಿಸಿದ ಚೌಟ ಅರಸನ ಹೆಸರೂ ಇರಲಿ.

ಬರುವ ನವೆಂಬರ್ 10ಕ್ಕೆ ಈ ಸ್ಟುಡಿಯೋದಲ್ಲಿ ಮೂರು ಕುರ್ಚಿ ಹಾಕಿಸ್ತೀನಿ. ಒಂದು ಮಂಗಳೂರಿನಿಂದ ಬರೋರಿಗೆ, ಒಂದು ಮೇಲುಕೋಟೆಯವರಿಗೆ, ಇನ್ನೊಂದು ಕೊಡವ ಮನೆಹೆಸರಿನ ಮುಸ್ಲಿಂ ಕುಟುಂಬದವರೊಬ್ಬರಿಗೆ. ಪಕ್ಷದ ವಕ್ತಾರರಿಗೆ ಅವತ್ತು ರಜೆ. ನಿಮ್ಮ ಮನೆಯಲ್ಲೂ ಇಂಥ ಮಾತು ಅಜ್ಜಿಯಿಂದ ಬಂದಿದ್ರೆ, ಅಜ್ಜಿ ಇರುವಾಗಲೇ ಬರೆದಿಟ್ಟುಕೊಳ್ಳಿ, ನಮಗೂ ಕಳಿಸಿ.

ನಾಳೆ ನಾಲೆ ನೀರಿನ ವಿಷಯಕ್ಕೆ ಬರ್ತೀನಿ. ನಮಸ್ಕಾರ.